ಮಂಗಳಾ ಸ್ಟೇಡಿಯಂ ಯಾವ ಆಟದ್ದು?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಮಗಳು ಒಂಬತ್ತನೇ ಕ್ಲಾಸು. ‘ನಮ್ಮ ಊರಿನ ಒಂದು ಜಾಗ’ ಅಂತ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಮಂಗಳಾ ಸ್ಟೇಡಿಯಂ ಆರಿಸಿಕೊಂಡಿದ್ದಾಳೆ. ಆದರೆ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬರು ಫುಟ್‌ಬಾಲ್ ಸ್ಟೇಡಿಯಂ ಅನ್ನುತ್ತಾರೆ, ಇನ್ನೊಬ್ಬರು ಅಥ್ಲೆಟಿಕ್ಸಿನದ್ದು ಅನ್ನುತ್ತಾರೆ, ಮತ್ತೊಬ್ಬರು ಎಲ್ಲ ಆಟಗಳಿಗೂ ಅಂತ ಬರೆದಿದ್ದಾರೆ. ಎಷ್ಟು ಜನ ಕೂರಬಹುದು ಅನ್ನೋದಕ್ಕೂ ಬೇರೆ ಬೇರೆ ಲೆಕ್ಕ. ನನ್ನ ಮಾವನವರಂತೂ ‘ಊರಿನ ದೊಡ್ಡ ಮೈದಾನ ಅಂದರೆ ಸೆಂಟ್ರಲ್ ಮೈದಾನವೇ’ ಎನ್ನುತ್ತಾರೆ. ಯಾವುದನ್ನು ನಂಬಿ ಬರೆಯಬೇಕು?

ಉತ್ತರ: ನಿಮ್ಮ ಮಾವನವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದು ಸರಿ. ಅವರು ಹೇಳುವ ಸೆಂಟ್ರಲ್ ಮೈದಾನವೇ ಇವತ್ತಿನ ನೆಹರೂ ಮೈದಾನ. ಪುರಭವನದ ಪಕ್ಕದಲ್ಲಿದೆ, ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವರ ಕಾಲದ ಕ್ರಿಕೆಟ್, ಫುಟ್‌ಬಾಲ್, ರಾಜಕೀಯ ಸಭೆ ಎಲ್ಲ ಅಲ್ಲೇ ನಡೆಯುತ್ತಿದ್ದವು. ಮಂಗಳಾ ಸ್ಟೇಡಿಯಂ ಬೇರೆಯೇ ಜಾಗ. ಲಾಲ್‌ಬಾಗ್ ಮತ್ತು ಮಣ್ಣಗುಡ್ಡೆಯ ನಡುವೆ, ಕರಾವಳಿ ಉತ್ಸವ ಮೈದಾನದ ಹತ್ತಿರ ಇದೆ. ಬಿಜೈಯಿಂದ ನಿಮಗೆ ಹತ್ತು ನಿಮಿಷದ ದಾರಿ. ಮಗಳು ಓದಿದ ಬರಹಗಳಲ್ಲಿ ಈ ಎರಡು ಜಾಗಗಳ ವಿಷಯ ಒಂದರೊಳಗೆ ಒಂದು ಸೇರಿಹೋಗಿದೆಯೇ ಅಂತ ಮೊದಲು ನೋಡಲಿ. ಅರ್ಧ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಉಳಿದ ಅರ್ಧಕ್ಕೆ ಸ್ವಲ್ಪ ಜಾಸ್ತಿ ವಿವರಣೆ ಬೇಕು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಕ್ರೀಡಾಕೂಟಗಳಲ್ಲಿ ಟ್ರ್ಯಾಕ್ ಅಳೆದು ಗೆರೆ ಹಾಕುವ ಕೆಲಸವನ್ನೂ ಮಾಡಿದ್ದೇನೆ. ಹಾಗಾಗಿ ಒಂದು ಮೈದಾನ ನೋಡಿದ ಕೂಡಲೇ ನನ್ನ ಕಣ್ಣು ಹೋಗುವುದು ನೆಲದ ಕಡೆಗೆ. ಅದು ಯಾವ ಆಟದ ಮೈದಾನ ಅಂತ ನಿಜವಾಗಿ ತೀರ್ಮಾನ ಮಾಡುವುದು ಆ ನೆಲವೇ. ಬೋರ್ಡಿನ ಮೇಲೆ ಏನೇ ಬರೆದಿರಲಿ.

ಮಂಗಳಾ ಸ್ಟೇಡಿಯಂನಲ್ಲಿ ಈಗ ಇರುವುದು 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್, ಅಂದರೆ ಮಣ್ಣಿನ ಬದಲು ರಬ್ಬರಿನಂಥ ಹೊದಿಕೆ ಹಾಸಿದ ಓಟದ ದಾರಿ. 400 ಮೀಟರ್ ಅಂದರೆ ಯಾವ ಗೆರೆಯ ಮೇಲೆ ಅಂತ ಕೇಳಬೇಕು. ಮೊದಲ ಲೇನಿನ ಒಳಗಡೆ ಒಂದು ಸಣ್ಣ ಕಟ್ಟೆ ಇರುತ್ತದಲ್ಲ, ಅದರಿಂದ 30 ಸೆಂಟಿಮೀಟರ್ ಹೊರಗೆ ಅಳೆದಾಗ ಸಿಗುವ ದೂರ ಅದು. ಈಗ ಎಲ್ಲ ಕಡೆ ಪಾಲಿಸುವ ಅಳತೆಯಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಒಂದೊಂದು ಲೇನಿನ ಅಗಲ 1.22 ಮೀಟರ್. ಮಗಳಿಗೆ ವೃತ್ತದ ಪರಿಧಿಯ ಸೂತ್ರ ಗೊತ್ತಿರುತ್ತದೆ. 36.50ಕ್ಕೆ 0.30 ಸೇರಿಸಿ ಲೆಕ್ಕ ಹಾಕಲಿ. ಎರಡು ತಿರುವು, ಎರಡು ನೇರ ಭಾಗ ಕೂಡಿಸಿದರೆ ಸರಿಯಾಗಿ 400 ಬರುತ್ತದೆ. ಇದನ್ನು ಅವಳೇ ಮಾಡಿ ಪ್ರಾಜೆಕ್ಟಿಗೆ ಹಾಕಿದರೆ ಅದಕ್ಕಿಂತ ಒಳ್ಳೆಯ ಪುಟ ಇನ್ನೊಂದಿಲ್ಲ.

ಇಲ್ಲಿಂದ ಮುಂದೆ ಎಲ್ಲ ಪ್ರಶ್ನೆಗೂ ಉತ್ತರ ಈ ಅಳತೆಗಳಲ್ಲೇ ಸಿಗುತ್ತದೆ.

ಫುಟ್‌ಬಾಲ್ ತೆಗೆದುಕೊಳ್ಳಿ. ದೊಡ್ಡ ಪಂದ್ಯಗಳಿಗೆ ಬಳಸುವ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಟ್ರ್ಯಾಕಿನ ಒಳಗೆ ಅದು ಹಿಡಿಸುತ್ತದೆ, ಆದರೆ ಬಹಳ ಬಿಗಿ. ನಾಲ್ಕು ಮೂಲೆಗಳೂ ತಿರುವಿನ ಕಟ್ಟೆಗೆ ಒಂದು ಮೀಟರಿನಷ್ಟು ಹತ್ತಿರ ಬರುತ್ತವೆ. ಕಾರ್ನರ್ ಕಿಕ್ ಹೊಡೆಯುವ ಹುಡುಗ ಓಡಿ ಬರಬೇಕಾದರೆ ಟ್ರ್ಯಾಕಿನ ಮೇಲೆಯೇ ಹೆಜ್ಜೆ ಇಡಬೇಕು. ಬೂಟಿನ ಸ್ಟಡ್ ತಾಗಿದರೆ ಟ್ರ್ಯಾಕಿಗೆ ಏಟು. ಇನ್ನು ಗೋಲಿನ ಹಿಂದೆ ಕೂತವರ ಪಾಡು ನೋಡಿ. ಗೋಲ್ ಗೆರೆಯಿಂದ ಎಂಟು ಲೇನು ದಾಟಿ ಹೊರಗೆ ಬರುವಷ್ಟರಲ್ಲಿ 36 ಮೀಟರ್ ಆಗುತ್ತದೆ. ಗ್ಯಾಲರಿ ಅದಕ್ಕೂ ಹಿಂದೆ. ಗೋಲ್‌ಕೀಪರಿನ ಮುಖ ಕಾಣುವುದಿಲ್ಲ. ಮಂಗಳೂರಿನ ಫುಟ್‌ಬಾಲ್ ಪ್ರೇಮಿಗಳು ಇವತ್ತಿಗೂ ನೆಹರೂ ಮೈದಾನವನ್ನು ಬಿಟ್ಟುಕೊಡದೇ ಇರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಮಳೆಗಾಲದ ಕೆಸರಿನಲ್ಲಿ ಆಡುವ ಹುಡುಗರ ಉಸಿರು ಸಹ ಗೆರೆಯ ಹೊರಗೆ ನಿಂತವರಿಗೆ ಕೇಳುತ್ತದೆ.

ಕ್ರಿಕೆಟ್ ಅಂತೂ ಟ್ರ್ಯಾಕಿನ ಒಳಗೆ ಸಾಧ್ಯವೇ ಇಲ್ಲ. ಅಂತರರಾಷ್ಟ್ರೀಯ ಪುರುಷರ ಪಂದ್ಯಕ್ಕೆ ಬೌಂಡರಿ ಕಡಿಮೆ ಅಂದರೂ 59 ಮೀಟರ್ ದೂರ ಇರಬೇಕು. ಟ್ರ್ಯಾಕಿನ ಒಳಗೆ ನಡುವಿನಿಂದ ಪಕ್ಕಕ್ಕೆ ಸಿಗುವುದು ಮೂವತ್ತಾರೂವರೆ ಮೀಟರ್. ಎಂಟು ಲೇನು ಸೇರಿಸಿಕೊಂಡರೂ 47 ಮುಟ್ಟುವುದಿಲ್ಲ. ಅಂದರೆ ಒಂದು ಊರು ಟ್ರ್ಯಾಕ್ ಹಾಕುವ ತೀರ್ಮಾನ ಮಾಡಿದ ದಿನ ಕ್ರಿಕೆಟಿಗರು ಬೇರೆ ಜಾಗ ಹುಡುಕಿಕೊಳ್ಳಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಕಡೆ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳು ಇಷ್ಟು ಬೆಳೆದದ್ದಕ್ಕೆ ಒಂದು ಕಾರಣ ಅದಕ್ಕೆ ಸಣ್ಣ ಗದ್ದೆ, ಶಾಲೆಯ ಅಂಗಳ ಸಾಕು ಅನ್ನೋದು. ಹೀಗಂತ ನನ್ನ ಅಭಿಪ್ರಾಯ.

ಹಾಗಾದರೆ ‘ಎಲ್ಲ ಆಟಗಳಿಗೂ’ ಅಂತ ಬರೆದದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಆ ಪದ ಒಂದು ಇಡೀ ಆವರಣಕ್ಕೆ ಸರಿಹೊಂದುತ್ತದೆ. ಮಂಗಳಾ ಸ್ಟೇಡಿಯಂನ ಸುತ್ತಮುತ್ತ ಮಂಗಳಾ ಈಜುಕೊಳ ಇದೆ, ಸ್ವಲ್ಪ ಆಚೆ ಯು. ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣ ಇದೆ. ಲಾಲ್‌ಬಾಗಿನ ಆ ಭಾಗವನ್ನು ಒಟ್ಟಾಗಿ ನೋಡಿದರೆ ಅದು ಊರಿನ ಆಟೋಟದ ಕೇರಿ ಇದ್ದ ಹಾಗೆ. ಆದರೆ ಗೇಟಿನ ಒಳಗಿನ ಆ ಒಂದು ಸ್ಟೇಡಿಯಂ ಬಗ್ಗೆ ಬರೆಯುವಾಗ ‘ಅಥ್ಲೆಟಿಕ್ಸ್ ಕ್ರೀಡಾಂಗಣ’ ಅನ್ನುವುದೇ ಸರಿ.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. 2015ರ ಮೇ ತಿಂಗಳಲ್ಲಿ ಫೆಡರೇಷನ್ ಕಪ್ ರಾಷ್ಟ್ರೀಯ ಸೀನಿಯರ್ ಅಥ್ಲೆಟಿಕ್ ಕೂಟ ಇಲ್ಲೇ ನಡೆಯಿತು. ದೇಶದ ದೊಡ್ಡ ದೊಡ್ಡ ಓಟಗಾರರು, ಎಸೆತಗಾರರು ನಮ್ಮ ಮಣ್ಣಗುಡ್ಡೆಗೆ ಬಂದಿದ್ದರು. ಗುಂಡೆಸೆತದಲ್ಲಿ ಇಂದರ್‌ಜೀತ್ ಸಿಂಗ್ 20.65 ಮೀಟರ್ ಎಸೆದದ್ದು ಇಲ್ಲಿ. ಮುಂದಿನ ವರ್ಷದ ರಿಯೊ ಒಲಿಂಪಿಕ್ಸಿಗೆ ಬೇಕಾದ ಅರ್ಹತೆಯ ಗೆರೆಯನ್ನು ಆ ಎಸೆತ ದಾಟಿತು. ಮಣ್ಣಿನ ಟ್ರ್ಯಾಕಿದ್ದರೆ ಅಂಥ ಕೂಟ ಈ ಊರಿಗೆ ಬರುತ್ತಲೇ ಇರಲಿಲ್ಲ. ಮಗಳು ಆ ವರ್ಷದ ಮೇ ತಿಂಗಳ ಮೊದಲ ವಾರದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೇಳಿ ನೋಡಲಿ.

ಹಳೆಯ ಮಣ್ಣಿನ ಟ್ರ್ಯಾಕಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ನಮ್ಮ ಕಡೆಯ ನೆಲ ಮುರಕಲ್ಲಿನದ್ದು. ಮಳೆ ನಿಂತ ಮೇಲೆ ಕಲ್ಲು ಹೆಕ್ಕಬೇಕು, ಗುಂಡಿ ಮುಚ್ಚಬೇಕು, ನೀರು ಚಿಮುಕಿಸಿ ರೋಲರ್ ಎಳೆಯಬೇಕು. ಹಗ್ಗ ಕಟ್ಟಿ, ಮೊಳೆ ಹೊಡೆದು, ಸುಣ್ಣದ ಗೆರೆ ಹಾಕಬೇಕು. ರಾತ್ರಿ ಒಂದು ಮಳೆ ಬಂದರೆ ಬೆಳಿಗ್ಗೆ ಮತ್ತೆ ಮೊದಲಿನಿಂದ ಶುರು. ಮೈದಾನದ ನೆನಪು ಅಂದರೆ ನನಗೆ ಸುಣ್ಣದಿಂದ ಒಡೆದ ಬೆರಳುಗಳು.

ಕೆಲಸಕ್ಕೆ ಸೇರಿದ ಹೊಸತು. ಒಂದು ತಾಲೂಕು ಮಟ್ಟದ ಕೂಟ. 200 ಮೀಟರ್ ಓಟಕ್ಕೆ ಗೆರೆ ಹಾಕುವ ಕೆಲಸ ನನಗೆ ಮತ್ತು ಇನ್ನೊಬ್ಬರಿಗೆ ಬಂತು. ಹೊರಗಿನ ಲೇನಿನವರು ಜಾಸ್ತಿ ದೂರ ಓಡಬಾರದು ಅಂತ ಅವರನ್ನು ಸ್ವಲ್ಪ ಮುಂದೆ ನಿಲ್ಲಿಸುತ್ತಾರಲ್ಲ, ಆ ಅಂತರಕ್ಕೆ ನಾವು ಸ್ಟ್ಯಾಗರ್ ಅನ್ನುತ್ತೇವೆ. 400 ಮೀಟರ್ ಓಟದಲ್ಲಿ ಎರಡನೇ ಲೇನಿಗೆ 7.04 ಮೀಟರ್. 200 ಮೀಟರಿನಲ್ಲಿ ಒಂದೇ ತಿರುವು, ಹಾಗಾಗಿ ಅದರ ಅರ್ಧ, 3.52. ಗಡಿಬಿಡಿಯಲ್ಲಿ ನಾವು ಅರ್ಧದ ಬದಲು ಪೂರ್ತಿ ಅಂತರ ಕೊಟ್ಟುಬಿಟ್ಟೆವು. ನಾಲ್ಕನೇ ಲೇನಿನ ಹುಡುಗಿ ಹನ್ನೊಂದು ಮೀಟರ್ ಕಡಿಮೆ ಓಡಿ ಗೆದ್ದಳು. ಮೊದಲ ಲೇನಿನಲ್ಲಿ ಇದ್ದವಳು ಎಲ್ಲರಿಗಿಂತ ಚೆನ್ನಾಗಿ ಓಡುವವಳು. ಅವಳು ಮೂರನೆಯವಳಾದಳು. ತಪ್ಪು ಗೊತ್ತಾಗುವ ಹೊತ್ತಿಗೆ ಕತ್ತಲಾಗಿತ್ತು, ಓಟ ಮತ್ತೆ ಮಾಡಿಸಲಿಲ್ಲ. ಆ ಮಗು ಜಿಲ್ಲಾ ಕೂಟಕ್ಕೆ ಹೋಗಲಿಲ್ಲ. ಆ ದಿನದ ನಂತರ ನಾನು ಸ್ಟೀಲ್ ಟೇಪ್ ಮತ್ತು ಲೆಕ್ಕದ ಪುಸ್ತಕ ಎರಡನ್ನೂ ಕೈಬಿಟ್ಟಿಲ್ಲ.

ಸಿಂಥೆಟಿಕ್ ಟ್ರ್ಯಾಕಿನಲ್ಲಿ ಈ ಗೆರೆಗಳೆಲ್ಲ ಒಮ್ಮೆಗೇ, ಖಾಯಂ ಆಗಿ ಬಣ್ಣದಲ್ಲಿ ಬಂದುಬಿಡುತ್ತವೆ. ನನ್ನಂಥವರ ಕೈತಪ್ಪಿನಿಂದ ಯಾವ ಮಗುವೂ ಸೋಲುವುದಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ ಅದೇ. ವೇಗ ಆಮೇಲಿನ ಮಾತು.

ಆದರೆ ಆ ಗೆರೆಗಳೂ ಬದಲಾಗುತ್ತವೆ. 4x100 ರಿಲೇಯಲ್ಲಿ ಬ್ಯಾಟನ್ ಕೊಡುವ ಜಾಗ ಮೊದಲು 20 ಮೀಟರ್ ಇತ್ತು. ಅದರ ಹಿಂದೆ ಓಟ ಶುರು ಮಾಡುವುದಕ್ಕೆ 10 ಮೀಟರ್ ಬೇರೆ ಕೊಡುತ್ತಿದ್ದರು. 2017ರ ಕೊನೆಯಲ್ಲಿ ನಿಯಮ ಬದಲಾಗಿ ಎರಡೂ ಸೇರಿ 30 ಮೀಟರಿನ ಒಂದೇ ಜಾಗವಾಯಿತು. ಅದಕ್ಕಿಂತ ಮೊದಲು ಬಣ್ಣ ಹೊಡೆದ ಟ್ರ್ಯಾಕುಗಳಲ್ಲಿ ಹಳೆಯ ಗುರುತು, ಹೊಸ ಗುರುತು ಎರಡೂ ಕಾಣಿಸಬಹುದು. ಬಾವಿಕಟ್ಟೆಯ ಮೇಲಿನ ಹಗ್ಗದ ಗೀರು ನೋಡಿ ಬಾವಿಯ ವಯಸ್ಸು ಹೇಳುವ ಹಾಗೆ, ಟ್ರ್ಯಾಕಿನ ಗುರುತು ನೋಡಿ ಅದು ಯಾವ ಕಾಲದ್ದು ಅಂತ ಹೇಳಬಹುದು.

ಈಗ ಮಳೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಟ್ರ್ಯಾಕ್ ಸಮತಟ್ಟಾಗಿ ಕಂಡರೂ ಅದಕ್ಕೆ ಒಳಗಡೆಗೆ ಸಣ್ಣ ಇಳಿಜಾರು ಇರುತ್ತದೆ. ನಿಯಮದ ಪ್ರಕಾರ ನೂರಕ್ಕೆ ಒಂದಕ್ಕಿಂತ ಹೆಚ್ಚಿರಬಾರದು. ಎಂಟು ಲೇನಿನ ಅಗಲಕ್ಕೆ ಹೊರ ಅಂಚು ಒಳ ಅಂಚಿಗಿಂತ ಹೆಚ್ಚೆಂದರೆ ಹತ್ತು ಸೆಂಟಿಮೀಟರ್ ಎತ್ತರ. ಆ ಇಳಿಜಾರಿನಲ್ಲಿ ನೀರು ಒಳಗಿನ ಚರಂಡಿಗೆ ಹೋಗಬೇಕು. ಚರಂಡಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಮೊದಲ ಲೇನಿನಲ್ಲೇ ನಿಲ್ಲುತ್ತದೆ. ನೆರಳಿರುವ ಕಡೆ ಪಾಚಿ ಹಿಡಿಯುತ್ತದೆ, ಅಲ್ಲಿ ಜಾರುತ್ತದೆ. ಟ್ರ್ಯಾಕಿನ ದಪ್ಪ ಸುಮಾರು 13 ಮಿಲಿಮೀಟರ್ ಮಾತ್ರ. ಬಿಸಿಲು, ಉಪ್ಪುಗಾಳಿ, ಮಳೆ ಮೂರನ್ನೂ ಅಷ್ಟರಲ್ಲೇ ತಾಳಿಕೊಳ್ಳಬೇಕು. ಓಟಗಾರರ ಸ್ಪೈಕ್ ಮೊಳೆ 9 ಮಿಲಿಮೀಟರ್ ಮೀರಬಾರದು ಅನ್ನುವ ನಿಯಮಕ್ಕೂ ಇದಕ್ಕೂ ಸಂಬಂಧ ಇದೆ. ಮದುವೆ ಪೆಂಡಾಲಿನ ಕಂಬ, ಲಾರಿಯ ಚಕ್ರ, ಸಭೆಯ ಕುರ್ಚಿಯ ಕಾಲು ಇವೆಲ್ಲ ಅದಕ್ಕೆ ಏನು ಮಾಡಬಹುದು ಅಂತ ನೀವೇ ಊಹಿಸಿ.

ಅದಕ್ಕೇ ಊರಿನ ದೊಡ್ಡ ಸಭೆ, ಸಂಭ್ರಮಗಳು ನೆಹರೂ ಮೈದಾನದಲ್ಲೇ ಆಗುವುದು ನನಗೆ ಸರಿ ಕಾಣುತ್ತದೆ. ಗಣರಾಜ್ಯೋತ್ಸವದ ಧ್ವಜಾರೋಹಣ, ರಾಜ್ಯೋತ್ಸವ, ರಾಜಕೀಯ ಭಾಷಣ ಎಲ್ಲ ಅಲ್ಲಿಯೇ. ವಸ್ತುಪ್ರದರ್ಶನ, ತೊಟ್ಟಿಲು ಆಟಕ್ಕೆ ಕರಾವಳಿ ಉತ್ಸವ ಮೈದಾನ ಇದೆ. ಮಣ್ಣು ತುಳಿದರೆ ಮತ್ತೆ ಸರಿಯಾಗುತ್ತದೆ. ಟ್ರ್ಯಾಕ್ ಹರಿದರೆ ಹಾಗಲ್ಲ.

ಉಡುಪಿಯಲ್ಲಿ ಈ ಕಥೆ ಬೇರೆ ರೀತಿ ನಡೆದಿದೆ. ಅಲ್ಲಿ ಎರಡು ಕೆಲಸಕ್ಕೂ ಒಂದೇ ಜಾಗ, ಅಜ್ಜರಕಾಡು. 1934ರ ಫೆಬ್ರವರಿ 25ರಂದು ಗಾಂಧೀಜಿ ಉಡುಪಿಗೆ ಬಂದಾಗ ಅಜ್ಜರಕಾಡಿನಲ್ಲಿ ಜನರ ಎದುರು ಮಾತಾಡಿದರು. ಆಗ ಅದು ಬಯಲು. ಆಮೇಲೆ ಗಾಂಧಿ ಮೈದಾನ ಅನ್ನುವ ಹೆಸರು ಬಂತು. 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾಯಿತು. ಈಗ ಅದು ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣ. ಅಲ್ಲೂ ಸಿಂಥೆಟಿಕ್ ಟ್ರ್ಯಾಕ್ ಬಂದಿದೆ, ಪಕ್ಕದಲ್ಲಿ ಈಜುಕೊಳ ಇದೆ. ನೆಲ ಅದೇ, ಹೆಸರು ಮಾತ್ರ ಕಾಲಕಾಲಕ್ಕೆ ಉದ್ದವಾಗುತ್ತಾ ಬಂದಿದೆ. ಬಸ್ಸಿನಲ್ಲಿ ಈಗಲೂ ಜನ ‘ಅಜ್ಜರಕಾಡು’ ಅಂತಲೇ ಇಳಿಯುತ್ತಾರೆ. ಯಾವ ಹೆಸರು ಸರಿ ಅಂತ ಕೇಳಿದರೆ ಎಲ್ಲವೂ ಸರಿ, ಜೊತೆಗೆ ವರ್ಷ ಬರೆದರೆ ಸಾಕು.

ಹಳೆಯ ದಾಖಲೆ ಹುಡುಕುವಾಗಲೂ ಈ ಹೆಸರುಗಳ ವಿಷಯ ನೆನಪಿರಲಿ. 1956ರ ನವೆಂಬರ್ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಸೌತ್ ಕೆನರಾ ಅಂತ ಕರೆಯುತ್ತಿದ್ದರು. ಇಂಗ್ಲಿಷ್ ದಾಖಲೆಗಳಲ್ಲಿ 2014ರ ನವೆಂಬರ್ 1ರವರೆಗೆ ಮ್ಯಾಂಗಲೋರ್, ಆಮೇಲೆ ಮಂಗಳೂರು. ನೆಹರೂ ಮೈದಾನ ಅಂತ ಮಾತ್ರ ಹುಡುಕಿದರೆ ಸೆಂಟ್ರಲ್ ಮೈದಾನದ ಕಾಲದ್ದು ಸಿಗುವುದಿಲ್ಲ.

ದೂರ, ಸಮಯದ ಲೆಕ್ಕವೂ ಹಾಗೇ. ನಿಮ್ಮ ಮಾವನವರ ವಯಸ್ಸಿನವರು ‘ನೂರು ಗಜದ ಓಟ’ ಅಂದರೆ ಅದು 91.44 ಮೀಟರ್. ಅವರ ಸಮಯವನ್ನು ಈಗಿನ 100 ಮೀಟರಿನ ಪಕ್ಕ ಇಡಬಾರದು. ಕೈಯಲ್ಲಿ ವಾಚ್ ಹಿಡಿದು ಅಳೆದ 100 ಮೀಟರಿನ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವುದು ರೂಢಿ. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಹಿಂದಿನವರೇ ವೇಗ’ ಅಂತ ವಾದ ಮಾಡುತ್ತಾರೆ.

ಇನ್ನು ಎಷ್ಟು ಜನ ಕೂರಬಹುದು ಅನ್ನುವ ಪ್ರಶ್ನೆ. ನಮ್ಮ ಸ್ಟೇಡಿಯಂಗಳಲ್ಲಿ ಜಾಸ್ತಿ ಇರುವುದು ಸಿಮೆಂಟಿನ ಮೆಟ್ಟಿಲು. ನಂಬರ್ ಹಾಕಿದ ಕುರ್ಚಿ ಇದ್ದರೆ ಎಣಿಸಬಹುದು. ಮೆಟ್ಟಿಲಾದರೆ ಅಂದಾಜೇ ಗತಿ. ನೂರು ಮೀಟರ್ ಉದ್ದದ ಹತ್ತು ಮೆಟ್ಟಿಲು ಇದೆ ಅಂತ ಇಟ್ಟುಕೊಳ್ಳಿ. ಒಟ್ಟು ಸಾವಿರ ಮೀಟರ್. ಒಬ್ಬರಿಗೆ ಅರ್ಧ ಮೀಟರ್ ಕೊಟ್ಟರೆ 2,000 ಜನ. 45 ಸೆಂಟಿಮೀಟರ್ ಕೊಟ್ಟರೆ 2,200ಕ್ಕೂ ಹೆಚ್ಚು. ಒತ್ತಿ ಕೂರಿಸಿ 40 ಮಾಡಿದರೆ 2,500. ಅದೇ ಮೆಟ್ಟಿಲು, ಮೂರು ಉತ್ತರ. ಸಭೆಯ ದಿನ ಮೈದಾನದ ಒಳಗೆ ಕುರ್ಚಿ ಹಾಕಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಹತ್ತು ಕಡೆ ಹತ್ತು ಸಂಖ್ಯೆ ಕಂಡಿದ್ದಕ್ಕೆ ಆಶ್ಚರ್ಯ ಬೇಡ. ಯಾರೋ ಬರೆದ ಸಂಖ್ಯೆಯನ್ನು ಸುಮ್ನೆ ನಕಲು ಮಾಡುವುದು ಬೇಡ. ಮಗಳೇ ಅಳೆದು, ಒಬ್ಬರಿಗೆ ಎಷ್ಟು ಜಾಗ ಅಂತ ಹಿಡಿದಳೋ ಅದನ್ನೂ ಬರೆದು ತನ್ನ ಅಂದಾಜು ಕೊಡಲಿ. ಶಿಕ್ಷಕರಿಗೆ ಖಂಡಿತ ಇಷ್ಟವಾಗುತ್ತದೆ.

‘ಪ್ರಮುಖ ಸ್ಟೇಡಿಯಂ’ ಅಂತ ಬರೆಯುವಾಗಲೂ ಸ್ವಲ್ಪ ಯೋಚನೆ ಮಾಡಲಿ. ಊರು ದೊಡ್ಡದಾದರೆ ಕೂಟವೂ ಅಲ್ಲಿಗೇ ಬರಬೇಕು ಅಂತಿಲ್ಲ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆದದ್ದು ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ. ಸಾವಿರಾರು ಕ್ರೀಡಾಪಟುಗಳನ್ನು ಉಳಿಸಿಕೊಳ್ಳಲು ಹಾಸ್ಟೆಲ್ ಬೇಕು, ಊಟ ಹಾಕುವ ವ್ಯವಸ್ಥೆ ಬೇಕು, ಅಭ್ಯಾಸಕ್ಕೆ ಜಾಗ ಬೇಕು. ಒಳ್ಳೆಯ ಟ್ರ್ಯಾಕಿನ ಜೊತೆ ಇವೂ ಇದ್ದ ಕಡೆಗೆ ಕೂಟ ಹೋಗುತ್ತದೆ. ಮಂಗಳಾ ಸ್ಟೇಡಿಯಂನ ನಿಜವಾದ ಬಳಕೆ ನೋಡಬೇಕಾದರೆ ದೊಡ್ಡ ಕೂಟದ ಮೂರು ನಾಲ್ಕು ದಿನ ಬಿಡಿ, ಉಳಿದ ದಿನಗಳ ಬೆಳಿಗ್ಗೆ ನೋಡಿ. ಶಾಲೆಯ ಮಕ್ಕಳು, ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗ ಹುಡುಗಿಯರು, ತರಬೇತುದಾರರು, ವಾಕಿಂಗಿಗೆ ಬರುವ ಹಿರಿಯರು. ಯಾವ ವಿವರಣೆಯಲ್ಲೂ ಇವರು ಸಿಗುವುದಿಲ್ಲ. ನನ್ನ ಪ್ರಕಾರ ಪ್ರಾಜೆಕ್ಟಿನ ಅರ್ಧ ಭಾಗ ಇವರಿಗೆ ಸಿಗಬೇಕು.

ವಾಕಿಂಗ್ ಮಾಡುವವರಿಗೆ ಒಂದು ವಿನಂತಿಯನ್ನೂ ಇಲ್ಲೇ ಸೇರಿಸುತ್ತೇನೆ. ಒಳಗಿನ ಲೇನುಗಳು ಬೇಗ ಸವೆಯುತ್ತವೆ, ಓಟಗಾರರಿಗೆ ಬೇಕಾಗುವುದೂ ಅವೇ. ನಿಮಗೆ ನಡೆಯಲು ಬಿಟ್ಟಿದ್ದರೆ ಹೊರಗಿನ ಲೇನಿನಲ್ಲಿ ನಡೆಯಿರಿ. ಎಂಟನೇ ಲೇನಿನಲ್ಲಿ ಒಂದು ಸುತ್ತು ಅಂದರೆ 453 ಮೀಟರ್. ಒಂಬತ್ತು ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರ್ ದಾಟಿತು.

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಗಳನ್ನೂ ಮಾವನವರನ್ನೂ ಕರೆದುಕೊಂಡು ಹೋಗಿ. ಅಲ್ಲಿರುವ ಇಲಾಖೆಯವರ ಅನುಮತಿ ಕೇಳಿ, ಅಳತೆ ಟೇಪ್ ಇರಲಿ. ಬಟ್ಟೆಯ ಟೇಪ್ ಬೇಡ, ಇಬ್ಬನಿಗೆ ಹಿಗ್ಗುತ್ತದೆ. ಮೊದಲು ಒಂದು ಲೇನಿನ ಅಗಲ ಅಳೆಯಿರಿ. ಬಲಗಡೆಯ ಗೆರೆಯನ್ನು ಸೇರಿಸಿ 1.22 ಬರಬೇಕು. ಆಮೇಲೆ ಮೆಟ್ಟಿಲಿನ ಮೇಲೆ ಕೂತು, ಮಾವನವರು ಸೆಂಟ್ರಲ್ ಮೈದಾನದಲ್ಲಿ ನೋಡಿದ ಪಂದ್ಯಗಳ ಕಥೆಯನ್ನು ಮಗಳು ಬರೆದುಕೊಳ್ಳಲಿ. ವರ್ಷ ಯಾವುದು ಅಂತ ಮರೆಯದೆ ಕೇಳಿಕೊಳ್ಳಲಿ.